ಹಾಲಿನ ಪುಡಿ: ಮಂಗಳೂರಿನ ನಾಲ್ಕು ಮಳೆಗಾಲದ ಬಳಕೆಯ ನಂತರ

ಹುಬ್ಬಳ್ಳಿಯಲ್ಲಿದ್ದಾಗ ಹಾಲಿನ ಪುಡಿಯ ಪೊಟ್ಟಣಕ್ಕೆ ಒಂದು ರಬ್ಬರ್ ಬ್ಯಾಂಡ್ ಸುತ್ತಿ ಕಪಾಟಿನಲ್ಲಿಟ್ಟರೆ ಕೆಲಸ ಮುಗಿದಂತೆ. ಎರಡು ತಿಂಗಳು ಬಿಟ್ಟು ತೆಗೆದರೂ ಅಕ್ಕಿ ಹಿಟ್ಟಿನ ಹಾಗೆ ಸುರಿಯುತ್ತಿತ್ತು. ಆಮೇಲೆ ಮನೆಯವರಿಗೆ ಮಂಗಳೂರಿಗೆ ವರ್ಗವಾಯಿತು. ಜೂನ್‌ನಲ್ಲಿ ಬಂದೆವು. ಅದೇ ರಬ್ಬರ್ ಬ್ಯಾಂಡ್, ಅದೇ ಅಭ್ಯಾಸ. ಹದಿನೈದು ದಿನಕ್ಕೆ ಅರ್ಧ ಕಿಲೋ ಪುಡಿ ಇಟ್ಟಿಗೆಯಾಗಿತ್ತು. ಚಮಚ ಬಾಗಿತೇ ಹೊರತು ಪುಡಿ ಅಲ್ಲಾಡಲಿಲ್ಲ.

ಅದಾಗಿ ನಾಲ್ಕು ಮಳೆಗಾಲ ಕಳೆದವು. ಈ ನಡುವೆ ನಾಲ್ಕೈದು ಕಂಪನಿಗಳ ಪೊಟ್ಟಣಗಳು ನಮ್ಮ ಅಡುಗೆಮನೆಗೆ ಬಂದು ಹೋಗಿವೆ. ಹಾಗಾಗಿ ಇದು ಒಂದು ಬ್ರ್ಯಾಂಡಿನ ವಿಮರ್ಶೆ ಅಲ್ಲ, ಹಾಲಿನ ಪುಡಿ ಅನ್ನುವ ಸಾಮಾನಿನದ್ದು. ನನ್ನ ಲೆಕ್ಕದಲ್ಲಿ ಐದಕ್ಕೆ ಮೂರೂವರೆ. ಹಾಲಿನ ಬದಲಿಗೆ ಅಂತ ತಂದರೆ ಎರಡೇ. ಹಾಲಿನ ಜೊತೆಗೆ ಅಂತ ಇಟ್ಟುಕೊಂಡರೆ ನಾಲ್ಕೂವರೆ.

ಮೊದಲ ತಪ್ಪು ಅಂಗಡಿಯಲ್ಲೇ ಆಗುತ್ತದೆ. ಕಪಾಟಿನಲ್ಲಿ ಅಕ್ಕಪಕ್ಕ ಇರುವ ಪೊಟ್ಟಣಗಳೆಲ್ಲ ಹಾಲಿನ ಪುಡಿ ಅಲ್ಲ. ಡೇರಿ ವೈಟ್ನರ್ ಅಂತ ಇದ್ದರೆ ಅದರಲ್ಲಿ ಸಾಮಾನ್ಯವಾಗಿ ಸಕ್ಕರೆ ಸೇರಿರುತ್ತದೆ, ಅದು ಚಹಾಕ್ಕೆ ಮಾಡಿದ್ದು. ನನಗೆ ಇದು ಗೊತ್ತಿಲ್ಲದೆ ಒಂದು ದಿನ ತರಕಾರಿ ಕುರ್ಮಾ ಗಟ್ಟಿಯಾಗಲಿ ಅಂತ ಮೂರು ಚಮಚ ಹಾಕಿದೆ. ಹಸಿಮೆಣಸು, ಗರಂ ಮಸಾಲೆ, ಅದರ ಮೇಲೊಂದು ಸಿಹಿ. ಮಗಳು 'ಅಮ್ಮಾ, ಇದು ಪಾಯಸನಾ?' ಅಂದಳು. ಅಡುಗೆಗೆ ಬೇಕಾದ್ದು ಸಾದಾ ಪುಡಿ. ಅದರಲ್ಲೂ ಎರಡು ಬಗೆ. ಕೆನೆ ತೆಗೆದದ್ದರಲ್ಲಿ ಕೊಬ್ಬು ಶೇ. 1.5 ಮೀರುವುದಿಲ್ಲ. ಕೆನೆ ಇರುವುದರಲ್ಲಿ ಶೇ. 26ಕ್ಕಿಂತ ಕಡಿಮೆ ಇರುವುದಿಲ್ಲ. ಕೆನೆ ಇರುವುದಕ್ಕೆ ರುಚಿ ಜಾಸ್ತಿ, ಬಾಳಿಕೆ ಕಡಿಮೆ. ಒಡೆದು ಬಹಳ ದಿನ ಇಟ್ಟರೆ ಹಳೇ ತುಪ್ಪದ ಹಾಗೆ ಕಮಟು ವಾಸನೆ ಹೊಡೆಯುತ್ತದೆ. ನಾನು ದಿನದ ಬಳಕೆಗೆ ಕೆನೆ ತೆಗೆದದ್ದು ತರುತ್ತೇನೆ, ಹಬ್ಬದ ಸಿಹಿಗೆ ಮಾತ್ರ ಇನ್ನೊಂದರ ಸಣ್ಣ ಪೊಟ್ಟಣ.

ಇನ್ನು ಇಡುವ ವಿಷಯ. ಇಟ್ಟಿಗೆಯಾದ ಪೊಟ್ಟಣವನ್ನು ಪಕ್ಕದ ಮನೆಯ ಅಕ್ಕನಿಗೆ ತೋರಿಸಿದೆ. ಅವರು ನಕ್ಕರು. 'ಮಳೆಗಾಲದಲ್ಲಿ ಹಪ್ಪಳ ಹೇಗೆ ಇಡುದು ನೀವು? ಇದೂ ಹಾಗೇ ಮಾರಾಯ್ರೆ' ಅಂದರು. ನನಗೆ ಹಪ್ಪಳ ಇಡುವುದೂ ಗೊತ್ತಿರಲಿಲ್ಲ ಅನ್ನುವುದು ಬೇರೆ ಮಾತು, ನಮ್ಮ ಕಡೆ ಅದಕ್ಕೆ ಇಷ್ಟೊಂದು ಉಪಚಾರ ಬೇಕಿಲ್ಲ. ಅವರು ಹೇಳಿದ್ದು ಇಷ್ಟೇ. ಡಬ್ಬಿಯನ್ನು ದಿನಾ ತೆಗೆಯಬಾರದು. ದೊಡ್ಡ ಡಬ್ಬಿ ತಿಂಗಳಿಗೆ ಒಂದೆರಡು ಸಲ, ಅದೂ ಬಿಸಿಲು ಬಿದ್ದ ಮಧ್ಯಾಹ್ನ. ದಿನದ ಖರ್ಚಿಗೆ ಒಂದು ಸಣ್ಣ ಬಾಟಲಿ.

ಇಡೀ ಗುಟ್ಟು ಇದೇ. ಹಾಲಿನ ಪುಡಿಯಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಇರುವುದು ಲ್ಯಾಕ್ಟೋಸ್, ಅಂದರೆ ಹಾಲಿನದ್ದೇ ಸಕ್ಕರೆ. ಅದು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಅಂಟಾಗುತ್ತದೆ, ಆಮೇಲೆ ಕಲ್ಲಾಗುತ್ತದೆ. ಡಬ್ಬಿ ಎಷ್ಟೇ ಗಟ್ಟಿಮುಟ್ಟಾಗಿದ್ದರೂ ತೆಗೆದಾಗಲೆಲ್ಲ ಒಳಗೆ ಹೊಸ ಗಾಳಿ ಹೋಗುತ್ತದಲ್ವಾ? ಈಗ ನಾನು ಪುಡಿಯನ್ನು ಪೊಟ್ಟಣದಿಂದ ದೊಡ್ಡ ಡಬ್ಬಿಗೆ ಸುರಿಯುವುದೇ ಇಲ್ಲ. ಆ ಒಳಗಿನ ಬೆಳ್ಳಿ ಬಣ್ಣದ ಪದರ ತೇವವನ್ನೂ ಬೆಳಕನ್ನೂ ತಡೆಯುತ್ತದೆ. ಬಾಯಿ ಮಡಚಿ, ಬಟ್ಟೆಯ ಕ್ಲಿಪ್ ಹಾಕಿ, ಪೊಟ್ಟಣವನ್ನೇ ಸ್ಟೀಲ್ ಡಬ್ಬಿಯೊಳಗೆ ಇಳಿಸುತ್ತೇನೆ. ವಾರಕ್ಕಾಗುವಷ್ಟು ಗಾಜಿನ ಬಾಟಲಿಗೆ. ಚಮಚ ಬಾಟಲಿಯೊಳಗೆ ಬಿಡುವುದಿಲ್ಲ. ಕುದಿಯುವ ಪಾತ್ರೆಯ ಮೇಲೆ ಬಾಟಲಿ ಬಗ್ಗಿಸುವುದಂತೂ ಇಲ್ಲವೇ ಇಲ್ಲ, ಹಬೆ ನೇರ ಒಳಗೆ ಹೋಗುತ್ತದೆ.

ಫ್ರಿಜ್‌ನಲ್ಲಿ ಇಟ್ಟರೆ ಏನು ಅಂತ ಕೇಳುವವರಿದ್ದಾರೆ. ಇಟ್ಟು ನೋಡಿದ್ದೇನೆ. ತಣ್ಣಗಿನ ಬಾಟಲಿಯನ್ನು ಇಲ್ಲಿನ ಜುಲೈ ಗಾಳಿಯಲ್ಲಿ ತೆರೆದರೆ ಒಳಗೋಡೆ ಬೆವರುತ್ತದೆ. ಎರಡೇ ವಾರದಲ್ಲಿ ಅಂಚಿನ ಸುತ್ತ ಗಂಟು. ಇನ್ನೂ ಒಡೆಯದ ಪೊಟ್ಟಣ ಬೇಕಾದರೆ ಇಡಿ, ದಿನಾ ತೆಗೆಯುವ ಬಾಟಲಿ ಬೇಡ. ಒಲೆಯ ಮೇಲಿನ ಶೆಲ್ಫ್ ಇನ್ನೂ ಕೆಟ್ಟದ್ದು. ಅಲ್ಲಿಟ್ಟ ಪುಡಿ ಗಂಟು ಕಟ್ಟಲಿಲ್ಲ, ಆದರೆ ಮೂರು ತಿಂಗಳಿಗೆ ಹಳದಿ ತಿರುಗಿತು. ಬಾಯಿಗಿಟ್ಟರೆ ತಳ ಹಿಡಿದ ಹಾಲಿನ ರುಚಿ.

ಕಲಸುವುದನ್ನು ನಾನು ಕಲಿತದ್ದು ಮಗಳ ಸರ್ಕಾರಿ ಶಾಲೆಯ ಬಿಸಿಯೂಟದ ಅಡುಗೆಯವರಿಂದ. 2013ರಲ್ಲಿ ಕ್ಷೀರಭಾಗ್ಯ ಶುರುವಾದಾಗಿನಿಂದ ನಮ್ಮ ಶಾಲೆಗಳಲ್ಲಿ ಪುಡಿಯಿಂದಲೇ ಹಾಲು. ಒಂದು ಮಗುವಿಗೆ 18 ಗ್ರಾಂ ಪುಡಿ, 150 ಮಿಲಿ ಹಾಲು. ನಾನು ಮನೆಯಲ್ಲಿ ಎರಡು ಲೋಟಕ್ಕೆ ಕಲಸಿದರೂ ಗಂಟು, ಅವರು ದೊಡ್ಡ ಪಾತ್ರೆ ತುಂಬ ಕಲಸಿದರೂ ಗಂಟಿಲ್ಲ. ಕೇಳಿಯೇಬಿಟ್ಟೆ. 'ಬಿಸಿ ನೀರಿಗೆ ಹಾಕಿದ್ರೆ ಆಗ್ತದಾ ಅಮ್ಮ? ಮೊದಲು ಉಗುರುಬೆಚ್ಚಗೆ' ಅಂದರು. ಕುದಿಯುವ ನೀರಿಗೆ ಬಿದ್ದ ಪುಡಿ ಹೊರಗಿನಿಂದ ಬೆಂದು ಅಂಟಾಗುತ್ತದೆ, ಒಳಗೆ ಒಣಗಿದ್ದು ಹಾಗೇ ಉಳಿಯುತ್ತದೆ. ಸ್ವಲ್ಪ ಉಗುರುಬೆಚ್ಚಗಿನ ನೀರಿನ ಮೇಲೆ ಪುಡಿ ಉದುರಿಸಿ, ಕಲಸಿ, ಐದು ನಿಮಿಷ ಬಿಟ್ಟು, ಆಮೇಲೆ ಉಳಿದ ನೀರು. ಚಹಾಕ್ಕಾದರೆ ಪುಡಿಯನ್ನು ಸಕ್ಕರೆಯೊಂದಿಗೆ ಒಣಗಿದ್ದಾಗಲೇ ಬೆರೆಸಿಕೊಳ್ಳಿ, ಸಕ್ಕರೆ ಹರಳುಗಳು ಪುಡಿಯನ್ನು ಬಿಡಿಬಿಡಿಯಾಗಿ ಇಡುತ್ತವೆ.

ದಿನದ ಅಡುಗೆಯಲ್ಲಿ ಇದು ಗೆದ್ದದ್ದು ಮೊಸರಿನಲ್ಲಿ. ಅರ್ಧ ಲೀಟರ್ ಟೋನ್ಡ್ ಹಾಲಿಗೆ ಎರಡು ಚಮಚ, ಕಾಯಿಸುವ ಮೊದಲೇ ಕಲಸಿ. ಆಮೇಲೆ ಕಾಯಿಸಿ, ಆರಿಸಿ, ಹೆಪ್ಪು ಹಾಕಿದರೆ ಬೆಳಗ್ಗೆ ಚಮಚದಲ್ಲಿ ಕೊಯ್ಯುವ ಹಾಗಿರುತ್ತದೆ. ಆಸೆಗೆ ಬಿದ್ದು ನಾಲ್ಕು ಚಮಚ ಹಾಕಬೇಡಿ, ತರಿತರಿಯಾಗುತ್ತದೆ, ಒಂಥರಾ ಸಿಹಿ ಬರುತ್ತದೆ.

ಜಾಮೂನಿಗೆ ಒಂದು ಕಪ್ ಪುಡಿ, ಕಾಲು ಕಪ್ ಮೈದಾ, ಚಿಟಿಕೆ ಸೋಡಾ, ಒಂದು ಚಮಚ ತುಪ್ಪ, ಕಲಸಲು ಹಾಲು. ಇಲ್ಲಿ ಎಲ್ಲರೂ ಎಡವುವುದು ಹಿಟ್ಟಿನ ಹದದಲ್ಲಿ. ಕಲಸಿದ ಕೂಡಲೇ ಸರಿ ಅನಿಸಿದರೆ ಅದು ಗಟ್ಟಿಯಾಯಿತು ಅಂತಲೇ ಅರ್ಥ. ಪುಡಿ ನಿಧಾನವಾಗಿ ಹಾಲು ಕುಡಿಯುತ್ತದೆ. ಕೈಗೆ ಅಂಟುವಷ್ಟು ಮೆತ್ತಗೆ ಬಿಟ್ಟು ಹತ್ತು ನಿಮಿಷ ಮುಚ್ಚಿಡಿ, ತಾನೇ ಹದಕ್ಕೆ ಬರುತ್ತದೆ. ಚಪಾತಿ ಹಿಟ್ಟಿನ ಹಾಗೆ ನಾದಬೇಡಿ. ಎಣ್ಣೆ ಸಣ್ಣ ಉರಿಯಲ್ಲಿರಲಿ, ಇಲ್ಲದಿದ್ದರೆ ಪುಡಿಯ ಉಂಡೆ ಬೇಗ ಕೆಂಪಗಾಗಿ ಒಳಗೆ ಹಸಿ ಉಳಿಯುತ್ತದೆ.

ದಿಢೀರ್ ಖವಾ ಕೂಡ ಆಗುತ್ತದೆ. ಒಂದು ಚಮಚ ತುಪ್ಪ, ಅರ್ಧ ಕಪ್ ಹಾಲು, ಒಂದು ಕಪ್ ಪುಡಿ, ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವಿದರೆ ಐದಾರು ನಿಮಿಷ. ಗಜ್ಜರಿ ಹಲ್ವಾಕ್ಕೆ ಕೊನೆಯಲ್ಲಿ ಬೆರೆಸಿದರೆ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಅದರಲ್ಲೇ ಪೇಡೆ ಕಟ್ಟಿ ಧಾರವಾಡಕ್ಕೆ ತವರಿಗೆ ಒಯ್ದಿದ್ದೆ ನೋಡಿ, ಅದು ನನ್ನ ಧೈರ್ಯ. ಅಪ್ಪ ಒಂದು ತಿಂದು 'ಬಿಸ್ಕೀಟ್ ಚಲೋ ಆಗ್ಯಾವ' ಅಂದರು.

ಉಳಿತಾಯಕ್ಕೆ ಅಂತ ತರುವವರು ಒಮ್ಮೆ ಲೆಕ್ಕ ಹಾಕಿ. ಕೆನೆ ಇರುವ ಪುಡಿಯಾದರೆ ಲೀಟರಿಗೆ ಸುಮಾರು 120 ಗ್ರಾಂ ಬೇಕು, ಕೆನೆ ತೆಗೆದದ್ದಾದರೆ 100 ಗ್ರಾಂ ಹತ್ತಿರ. ಪೊಟ್ಟಣದ ಮೇಲಿನ ಬೆಲೆ ಭಾಗಿಸಿ ನೋಡಿದರೆ ನನಗೆ ಪ್ಯಾಕೆಟ್ ಹಾಲಿಗಿಂತ ಅಗ್ಗವೇನೂ ಆಗಲಿಲ್ಲ. ಕಲ್ಲಾಗಿ ಚೆಲ್ಲಿದ ಪುಡಿಯನ್ನೂ ಸೇರಿಸಿದರೆ ನಷ್ಟವೇ.

ಹಾಗಾದರೆ ಯಾಕೆ ಇಟ್ಟುಕೊಂಡಿದ್ದೀನಿ? ಕಳೆದ ವರ್ಷ ಜುಲೈನಲ್ಲಿ ಎರಡು ದಿನ ಸುರಿದ ಮಳೆಗೆ ನಮ್ಮ ರಸ್ತೆಯಲ್ಲಿ ನೀರು ನಿಂತು ಹಾಲಿನ ಗಾಡಿ ಬರಲಿಲ್ಲ. ಡಬ್ಬಿ ತೆಗೆದೆ. ಮಗಳಿಗೆ ರಾಗಿ ಮಾಲ್ಟ್ ಆಯಿತು, ನಮಗೆ ಶುಂಠಿ ಚಹಾ ಆಯಿತು, ಮಧ್ಯಾಹ್ನಕ್ಕೆ ಶಾವಿಗೆ ಪಾಯಸವೂ ಆಯಿತು. ಧೈರ್ಯ ಜಾಸ್ತಿಯಾಗಿ ಸಂಜೆ ಫಿಲ್ಟರ್ ಡಿಕಾಕ್ಷನ್ ಇಳಿಸಿ ಅದೇ ಹಾಲಿನಲ್ಲಿ ಕಾಫಿ ಬೆರೆಸಿದೆ. ನೊರೆ ಚೆನ್ನಾಗಿ ಬಂತು. ಮನೆಯವರು ಒಂದು ಗುಟುಕು ಕುಡಿದರು. ಲೋಟ ಕೆಳಗಿಟ್ಟರು. ಕಿಟಕಿಯ ಹೊರಗೆ ನೋಡಿ, 'ನೀರು ಇಳಿದಿರಬೇಕು, ಹಾಲು ತಂದೇಬಿಡ್ತೀನಿ' ಅಂತ ಕೊಡೆ ಹಿಡಿದು ಹೊರಟೇಬಿಟ್ಟರು.