ಐವತ್ತು ದಾಟಿದವರ ರ‍್ಯಾಲಿ ಕಾರಿಗೆ ಚಿಕ್ಕಮಗಳೂರಿನ ಒಂದು ಗ್ಯಾರೇಜ್

ಸ್ಪೇನಿನ ರ‍್ಯಾಲಿ ಚಾಲಕ ಕಾರ್ಲೋಸ್ ಸೈನ್ಜ್ 2024ರ ಡಾಕರ್ ಮರುಭೂಮಿ ರ‍್ಯಾಲಿ ಗೆದ್ದಾಗ ವಯಸ್ಸು 61. ಅದೇ ಹುರುಪಿನಲ್ಲಿ ಕಾಫಿ ತೋಟದ ಮಣ್ಣುದಾರಿಗೆ ಇಳಿಯುವ ಹಿರಿಯರಿಗೆ ಈ ಗ್ಯಾರೇಜ್ ಒಳ್ಳೆಯ ಆಯ್ಕೆ. ಸೀಟು ಕೂರಿಸುವುದರಲ್ಲಂತೂ ಪಳಗಿದ ಕೈ. ಕ್ಲಚ್ ಪೂರ್ತಿ ತುಳಿದಾಗಲೂ ಮಂಡಿ ತುಸು ಬಾಗಿರಬೇಕು, ಬೆನ್ನು ಸೀಟಿಗೆ ಅಂಟಿದ್ದಂತೆಯೇ ಮಣಿಕಟ್ಟು ಸ್ಟಿಯರಿಂಗಿನ ಮೇಲಂಚಿಗೆ ಎಟುಕಬೇಕು. ಎರಡನ್ನೂ ನೋಡಿಯೇ ಬೋಲ್ಟ್ ಬಿಗಿಯುತ್ತಾರೆ. ಸೊಂಟದ ಬೆಲ್ಟ್ ಹೊಟ್ಟೆಯ ಮೇಲಲ್ಲ, ಕೆಳಗೆ ಸೊಂಟದ ಮೂಳೆಯ ಮೇಲೆ ಕೂರಬೇಕು (ಬೊಜ್ಜಿದ್ದವರಿಗೆ ಇದೇ ತಕರಾರು). ಭುಜದ ಬೆಲ್ಟಿನ ಹಿಂದಿನ ಇಳಿಜಾರನ್ನು 10 ಡಿಗ್ರಿಯ ಆಸುಪಾಸಿನಲ್ಲಿ ಇಡುತ್ತಾರೆ. ಕಡಿದಾದರೆ ಅಪಘಾತದಲ್ಲಿ ಬೆನ್ನುಮೂಳೆ ಅದುಮುತ್ತದೆ.

ಸಸ್ಪೆನ್ಷನ್ ಮಾತ್ರ ವಿಪರೀತ ಗಡಸು. ಕೊರಕಲಲ್ಲಿ ಚಕ್ರ ಎಗರಿ ಹಿಡಿತ ತಪ್ಪುತ್ತದೆ, ಸೊಂಟವೂ ನೋಯುತ್ತದೆ. ಮೆದು ಸ್ಪ್ರಿಂಗ್ ಕೇಳಿ ಹಾಕಿಸಿಕೊಳ್ಳಿ. ಹಳೆಯ ಬೆಲ್ಟ್ ಕೊಟ್ಟರೆ ಲೇಬಲ್ಲಿನಲ್ಲಿ ಅವಧಿ ಮುಗಿಯುವ ವರ್ಷ ನೋಡದೆ ದುಡ್ಡು ಕೊಡಬೇಡಿ.