ದೇವಿಮನೆ ಘಟ್ಟ ಇಳಿಯುವುದನ್ನು ತಪ್ಪಿಸಿದ ಯುವಿ

ಶಿರಸಿಯ ಅಡಿಕೆ ವ್ಯಾಪಾರಿಯೊಬ್ಬರಿಗೆ ನಾನು ಬರೆದುಕೊಟ್ಟ ಪೈಥಾನ್ ಸ್ಕ್ರಿಪ್ಟುಗಳು ಐದು. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟುಗಳ ಟೆಂಡರ್ ದರ ಓದಿ ರೈತರ ಪಟ್ಟಿ ತಯಾರಿಸುವುದು ಅವುಗಳ ಕೆಲಸ. ಓಡುವುದು ಶಿರಸಿ, ಸಿದ್ದಾಪುರ, ಕುಮಟಾಗಳ ಮೂರು ಕಂಪ್ಯೂಟರುಗಳಲ್ಲಿ. ಐದಕ್ಕೂ ಪಂಡಾಸ್ ಎಂಬ ಕೋಷ್ಟಕ ನಿಭಾಯಿಸುವ ಪೈಥಾನ್ ಪ್ಯಾಕೇಜ್ ಬೇಕು, ದರ ಲೆಕ್ಕಹಾಕುವ ನನ್ನದೊಂದು ಮಾಡ್ಯೂಲ್ ಬೇಕು.

2023ರ ಮಳೆಗಾಲದಲ್ಲಿ ಕುಮಟಾದ ಕಂಪ್ಯೂಟರನ್ನು ಫಾರ್ಮ್ಯಾಟ್ ಮಾಡಿ, ಪೈಥಾನ್ ಪ್ಯಾಕೇಜುಗಳನ್ನು ಹಾಕುವ ಪಿಪ್‌ನಿಂದ ಎಲ್ಲವನ್ನೂ ಮತ್ತೆ ಹಾಕಿಸಿದೆ. ಆವೃತ್ತಿ ಬರೆದಿಡುವ ಶಿಸ್ತು ಆಗ ನನಗಿರಲಿಲ್ಲ. ಆ ಏಪ್ರಿಲ್‌ನಲ್ಲಿ ಬಂದಿದ್ದ ಪಂಡಾಸ್ 2.0, ಡೇಟಾಫ್ರೇಮಿಗೆ (ಅದರ ಕೋಷ್ಟಕಕ್ಕೆ) ಸಾಲು ಸೇರಿಸುವ ಅಪೆಂಡ್ ಅನ್ನೇ ಕಿತ್ತುಹಾಕಿತ್ತು. ಶಿರಸಿಯಲ್ಲಿ ಸರಾಗವಾಗಿ ಓಡುತ್ತಿದ್ದದ್ದು ಕುಮಟಾದಲ್ಲಿ ಟೆಂಡರ್ ದಿನವೇ ಮುಗ್ಗರಿಸಿತು. ಸುರಿಯುವ ಮಳೆಯಲ್ಲಿ ಘಟ್ಟ ಇಳಿದು ಹೋಗಿ ನಾನು ತಿದ್ದಿದ್ದು ಒಂದೇ ಒಂದು ಸಾಲು.

ಪಿಪ್‌ನ ಕೆಲಸವನ್ನೇ ಮಾಡುವ ಹೊಸ ಸಾಧನ ಯುವಿ ಬಂದದ್ದು 2024ರ ಫೆಬ್ರವರಿಯಲ್ಲಿ. ನಾನು ಹಿಡಿದದ್ದು ಆ ವರ್ಷದ ಕೊನೆಗೆ. ಎಲ್ಲರೂ ಅದರ ವೇಗ ಹೊಗಳುತ್ತಾರೆ. ನನಗೆ ಬೇಕಾಗಿದ್ದುದು ಲಾಕ್ ಕಡತ, ಅಂದರೆ ಪ್ರತಿ ಪ್ಯಾಕೇಜಿನ ನಿಖರ ಆವೃತ್ತಿ ಬರೆದಿಟ್ಟ ಪಟ್ಟಿ. ಸ್ಕ್ರಿಪ್ಟುಗಳನ್ನೂ ಮಾಡ್ಯೂಲನ್ನೂ ಒಂದೇ ವರ್ಕ್‌ಸ್ಪೇಸಿನಲ್ಲಿ (ಹಲವು ಯೋಜನೆಗಳನ್ನು ಒಟ್ಟಿಗೆ ಇಡುವ ಗುಂಪಿನಲ್ಲಿ) ಇಟ್ಟರೆ ಎಲ್ಲಕ್ಕೂ ಒಂದೇ ಲಾಕ್. ನನ್ನ ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ಮಾಡಿದ್ದು ಅವರ ವಿಂಡೋಸಿಗೂ ಆಗುತ್ತದೆ. ಈಗ ಕುಮಟಾದ ಹುಡುಗನಿಗೆ ಫೋನಿನಲ್ಲಿ ಎರಡು ಆಜ್ಞೆ ಹೇಳುತ್ತೇನೆ: ಹೊಸ ಕೋಡ್ ತರಲು ಗಿಟ್ ಪುಲ್, ಲಾಕಿನಂತೆ ಪ್ಯಾಕೇಜುಗಳನ್ನು ಹಾಕಲು ಯುವಿ ಸಿಂಕ್.

ಕಿರಿಕಿರಿ ಇಲ್ಲವೆಂದಲ್ಲ. ಒಂದು ಹಳೆಯ ಸ್ಕ್ರಿಪ್ಟ್ ಪಂಡಾಸ್ 1.5 ಬಿಟ್ಟು ಕದಲುವುದಿಲ್ಲ, ಅದನ್ನು ಹೊಸದಾಗಿ ಬರೆಯಲು ನನಗೆ ಸೋಮಾರಿತನ. ಒಂದೇ ಲಾಕಿನೊಳಗೆ ಎರಡು ಪಂಡಾಸ್ ಹಿಡಿಸಲು ಹೋಗಿ ಸೋತು, ಕೊನೆಗೆ ಅದನ್ನು ಹೊರಗಿಟ್ಟೆ. ಬೇಕಾದ ಆವೃತ್ತಿಗಳನ್ನು ಸ್ಕ್ರಿಪ್ಟಿನ ತಲೆಯಲ್ಲೇ ಟಿಪ್ಪಣಿಯಾಗಿ ಬರೆದೆ. ಪೈಥಾನ್ 3.11 ಅನ್ನು ಯುವಿ ತಾನೇ ತಂದುಕೊಂಡಿತು. ಆದರೆ ಪಂಡಾಸಿಗೆ ಬೇಕಾಗುವ ನಮ್‌ಪೈ ಪ್ಯಾಕೇಜ್ 2ಕ್ಕಿಂತ ಕೆಳಗಿರಲಿ ಎಂದು ನಾನೇ ಬರೆಯಬೇಕಾಯಿತು, ನಮ್‌ಪೈ 2 ತನಗೆ ಒಗ್ಗದಿದ್ದರೂ ಹಳೆಯ ಪಂಡಾಸ್ ಆ ಮಿತಿ ಹಾಕುವುದಿಲ್ಲ. ಇದು ತಿಳಿಯುವಷ್ಟರಲ್ಲಿ ಒಂದು ಸಂಜೆ ಹೋಯಿತು.

ಸಿದ್ದಾಪುರದಲ್ಲಿ ಯೋಜನೆ ಡಿ ಡ್ರೈವಿನಲ್ಲಿ, ಇಳಿಸಿಕೊಂಡ ಪ್ಯಾಕೇಜುಗಳನ್ನು ಯುವಿ ಕೂಡಿಡುವ ಕ್ಯಾಶ್ ಸಿ ಡ್ರೈವಿನಲ್ಲಿ ಇತ್ತು. ಹಾಗಿದ್ದಾಗ ಯುವಿ ಕ್ಯಾಶಿನ ಕಡತಗಳಿಗೆ ಕೊಂಡಿ ಹಾಕಲಾಗದೆ ಪೂರ್ತಿ ನಕಲು ಮಾಡುತ್ತದೆ, ಜಾಗ ತಿನ್ನುತ್ತದೆ. ಕ್ಯಾಶನ್ನು ಡಿಗೆ ಸರಿಸಿದ ಮೇಲೆ ಸರಿಹೋಯಿತು.

ಇನ್ನೊಂದು ನನ್ನದೇ ತಪ್ಪು. ಮೊದಲೆಲ್ಲ ಸಿಂಕ್ ಆಜ್ಞೆಗೆ ಫ್ರೋಜನ್ ಆಯ್ಕೆ ಕೊಡುತ್ತಿದ್ದೆ. ಲಾಕ್ ಹಳತಾಗಿದ್ದರೂ ಅದು ತುಟಿಪಿಟಕ್ಕೆನ್ನುವುದಿಲ್ಲ. ಹೊಸದಾಗಿ ಸೇರಿಸಿದ ಪ್ಯಾಕೇಜ್ ಕುಮಟಾಕ್ಕೆ ಹೋಗಲೇ ಇಲ್ಲ. ಈಗ ಲಾಕ್ಡ್ ಎಂದು ಕೊಡುತ್ತೇನೆ. ವ್ಯತ್ಯಾಸವಿದ್ದರೆ ಅಲ್ಲೇ ನಿಲ್ಲುತ್ತದೆ, ಹುಡುಗ ಫೋನ್ ಮಾಡುತ್ತಾನೆ.