ಗುಂಪಿಗೆ ಸಂದೇಶ ಹಾಕಿದರೆ ಪೊಲೀಸರಿಗೆ ತಿಳಿಸಿದಂತಾಗುವುದಿಲ್ಲ

ನಾವು ಊರಿನಲ್ಲಿಲ್ಲದ ಒಂದು ರಾತ್ರಿ ನಮ್ಮ ಮನೆಗೆ ಕಳ್ಳರು ನುಗ್ಗಿದರು. ಕಳುವಾದ ವಸ್ತುಗಳ ಬಗ್ಗೆ ಹೇಳಿಕೊಳ್ಳಲು ಇದನ್ನು ಬರೆಯುತ್ತಿಲ್ಲ. ಆ ರಾತ್ರಿ ನಮ್ಮ ಬೀದಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ನಡೆದದ್ದು ಮತ್ತೆಲ್ಲೂ ನಡೆಯಬಾರದೆಂದು ಬರೆಯುತ್ತಿದ್ದೇನೆ.

"ಹಿಂಬಾಗಿಲು ಒಡೆಯುವ ಸದ್ದು ಕೇಳುತ್ತಿದೆ" ಎಂದು ಪಕ್ಕದ ಮನೆಯವರು ಗುಂಪಿನಲ್ಲಿ ಬರೆದಾಗ ರಾತ್ರಿ ಒಂದೂಕಾಲು ಗಂಟೆ. ಎಚ್ಚರವಿದ್ದವರೆಲ್ಲ ಕೂಡಲೇ ಸ್ಪಂದಿಸಿದ್ದರು. "ಯಾರ ಮನೆ?", "ನಮಗೂ ಕೇಳಿಸಿತು", "ಎಲ್ಲರೂ ಲೈಟ್ ಹಾಕಿ", "ಯಾರಾದರೂ ಪೊಲೀಸರಿಗೆ ಫೋನ್ ಮಾಡಿ". ಈ ಕೊನೆಯ ಮಾತಿಗೆ ಹಲವರು ಹೆಬ್ಬೆರಳಿನ ಗುರುತು ಒತ್ತಿ ಒಪ್ಪಿಗೆಯನ್ನೂ ಸೂಚಿಸಿದ್ದರು. ಆದರೆ ಎರಡು ಗಂಟೆಯವರೆಗೂ ಪೊಲೀಸರಿಗೆ ಒಂದೇ ಒಂದು ಕರೆ ಹೋಗಿರಲಿಲ್ಲ. ನೆರೆಯವರಿಗೆ ನಮ್ಮ ಬಗ್ಗೆ ಕಾಳಜಿ ಇರಲಿಲ್ಲವೆಂದು ನಾನು ಖಂಡಿತ ಹೇಳಲಾರೆ. ಇಷ್ಟು ಜನ ನೋಡಿರುವಾಗ ಯಾರೋ ಒಬ್ಬರು ಕರೆ ಮಾಡಿಯೇ ಇರುತ್ತಾರೆ ಎಂದು ಪ್ರತಿಯೊಬ್ಬರೂ ನಂಬಿದ್ದರು.

1968ರಲ್ಲಿ ಜಾನ್ ಡಾರ್ಲಿ ಮತ್ತು ಬಿಬ್ ಲಟಾನೆ ಎಂಬ ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಪ್ರಯೋಗದಲ್ಲಿ ಕಂಡದ್ದೂ ಇದೇ. ಬೇರೆ ಕೋಣೆಯಲ್ಲಿರುವ ಒಬ್ಬರಿಗೆ ಮೂರ್ಛೆ ಬಂದಂತೆ ಇಂಟರ್‌ಕಾಮ್‌ನಲ್ಲಿ ಕೇಳಿಸಿದಾಗ, ಅದನ್ನು ಕೇಳುತ್ತಿರುವುದು ತಾನೊಬ್ಬನೇ ಎಂದುಕೊಂಡವರಲ್ಲಿ ಶೇ 85ರಷ್ಟು ಮಂದಿ ಆ ದನಿ ನಿಲ್ಲುವ ಮೊದಲೇ ನೆರವಿಗೆ ಎದ್ದರು. ಇನ್ನೂ ನಾಲ್ವರು ಕೇಳುತ್ತಿದ್ದಾರೆ ಎಂದುಕೊಂಡವರಲ್ಲಿ ಹಾಗೆ ಎದ್ದವರು ಶೇ 31ರಷ್ಟು ಮಾತ್ರ. ಹೀಗಿರುವಾಗ ಇಡೀ ಬೀದಿಯೇ ಸದಸ್ಯನಾಗಿರುವ ಗುಂಪನ್ನು ನೆಚ್ಚಿ ಕೂರುವುದು ಅಪಾಯಕಾರಿ.

ಆದ್ದರಿಂದ ಮೊದಲು ಕರೆ ಮಾಡಿ, ಸಂದೇಶ ಆಮೇಲೆ ಹಾಕಿ. ಭಾರತದಲ್ಲಿಯೂ ಯುರೋಪ್ ಒಕ್ಕೂಟದ ದೇಶಗಳಲ್ಲಿಯೂ ತುರ್ತು ಕರೆಯ ಸಂಖ್ಯೆ 112, ಅಮೆರಿಕದಲ್ಲಿ 911. ಕರೆ ನಡುವೆ ಕಡಿದುಹೋದರೂ ನೆರವು ಬರುವಂತಾಗಲು, ಏನಾಯಿತು ಎಂಬುದಕ್ಕಿಂತ ಮೊದಲು ಎಲ್ಲಿ ಎಂಬುದನ್ನು ಹೇಳಿ. ಬಳಿಕ ಗುಂಪಿನಲ್ಲಿ "ನಾನು ಕರೆ ಮಾಡಿದ್ದೇನೆ, ಪೊಲೀಸರು ಹೊರಟಿದ್ದಾರೆ" ಎಂದು ಸಮಯದೊಂದಿಗೆ ಬರೆಯಿರಿ. ಕರೆ ಮಾಡಲಾಗದ ಸ್ಥಿತಿಯಲ್ಲಿದ್ದರೆ "ಯಾರಾದರೂ" ಎನ್ನದೆ, ಒಬ್ಬರ ಹೆಸರು ಹಿಡಿದು ಕೇಳಿ.

ಒಡೆದ ಬಾಗಿಲಿನ ಮನೆಯೊಳಗೆ ಪೊಲೀಸರಿಗಿಂತ ಮೊದಲು ಕಾಲಿಡಬೇಡಿ. ಕಳ್ಳರು ಇನ್ನೂ ಒಳಗೇ ಇರಬಹುದು. ಅವರು ಹೋಗಿದ್ದರೂ ಬೆರಳಚ್ಚು, ಹೆಜ್ಜೆಗುರುತುಗಳು ಅಳಿಸಿಹೋಗುತ್ತವೆ.

ನನ್ನನ್ನು ಹೆಚ್ಚು ನೋಯಿಸಿದ್ದು ಮರುದಿನದ ಘಟನೆ. ಸಿಸಿಟಿವಿಯಲ್ಲಿ ಸಿಕ್ಕ ಒಂದು ಚಿತ್ರವನ್ನು "ಇವನೇ ಕಳ್ಳ, ಎಲ್ಲರಿಗೂ ಕಳುಹಿಸಿ" ಎಂದು ಯಾರೋ ಹಂಚಿದರು. ಟೋಪಿ ಧರಿಸಿದ ಯುವಕನೊಬ್ಬ ನಮ್ಮ ಗೇಟಿನ ಮುಂದೆ ನಿಂತು, ಮನೆಯ ಸಂಖ್ಯೆಯನ್ನೂ ಕೈಯಲ್ಲಿದ್ದ ಫೋನನ್ನೂ ನೋಡುತ್ತಿರುವ ಚಿತ್ರವದು. ಆತ ಹಿಂದಿನ ಸಂಜೆ ಪಾರ್ಸೆಲ್ ಕೊಡಲು ಬಂದಿದ್ದವನೆಂದು ಪೊಲೀಸರ ವಿಚಾರಣೆಯಲ್ಲಿ ಖಚಿತವಾಯಿತು. ಅಷ್ಟರಲ್ಲಿ ಬೇರೊಂದು ಬೀದಿಯ ಜನ ಅವನನ್ನು ಅಡ್ಡಗಟ್ಟಿ, ಫೋನ್ ಕಸಿದುಕೊಂಡು ಗಂಟೆಗಟ್ಟಲೆ ಕೂರಿಸಿದ್ದರು. ಚಿತ್ರ ಹಾಕಿದವರು ಅದನ್ನು ಗುಂಪಿನಿಂದ ಅಳಿಸಿದರು; ಆದರೆ ಹಾಗೆ ಅಳಿಸಿದಾಗ ಹೋಗುವುದು ಆ ಒಂದು ಸಂದೇಶ ಮಾತ್ರ, ಬೇರೆಯವರು ಮುಂದಕ್ಕೆ ಕಳುಹಿಸಿದ ಪ್ರತಿಗಳು ಹಾಗೆಯೇ ಉಳಿಯುತ್ತವೆ. 2013ರ ಬಾಸ್ಟನ್ ಮ್ಯಾರಥಾನ್ ಸ್ಫೋಟದ ನಂತರವೂ ಅಂತರ್ಜಾಲದಲ್ಲಿ ಜನ ತಾವೇ ತನಿಖೆಗಿಳಿದು ನಿರಪರಾಧಿ ವಿದ್ಯಾರ್ಥಿಯೊಬ್ಬನನ್ನು ಶಂಕಿತನೆಂದು ಸಾರಿದ್ದರು. ಆತ ಆ ವೇಳೆಗಾಗಲೇ ತೀರಿಕೊಂಡಿದ್ದನೆಂದು ಬಳಿಕ ತಿಳಿಯಿತು. ಮಗ ಕಾಣೆಯಾದ ಸಂಕಟದಲ್ಲಿದ್ದ ಕುಟುಂಬ ಆ ಆರೋಪವನ್ನೂ ಸಹಿಸಬೇಕಾಯಿತು.

ಸಿಸಿಟಿವಿ ದೃಶ್ಯಗಳು ಸಿಕ್ಕರೆ ತನಿಖಾಧಿಕಾರಿಗೆ ಕೊಡಿ, ಅದೂ ಬೇಗ ಕೊಡಿ. ಸಂಗ್ರಹ ತುಂಬಿದಂತೆ ಹಳೆಯ ದೃಶ್ಯಗಳ ಮೇಲೆ ಹೊಸವು ದಾಖಲಾಗುತ್ತಾ ಹೋಗುತ್ತವೆ. ಗುಂಪಿನ ಅಡ್ಮಿನ್‌ಗಳಲ್ಲಿ ನನ್ನ ವಿನಂತಿ ಇಷ್ಟೇ: ಯಾರದೇ ಮುಖದ ಜೊತೆ "ಕಳ್ಳ" ಎಂಬ ಮಾತು ಬಂದರೆ, ಇದನ್ನು ಖಚಿತಪಡಿಸಿದ ಠಾಣೆ ಯಾವುದೆಂದು ಕೇಳಿ, ಉತ್ತರ ಬರುವವರೆಗೆ ಆ ಸಂದೇಶವನ್ನು ತೆಗೆದುಹಾಕಿ. ಗೇಟಿನ ಮುಂದೆ ನಿಂತ ಆ ಯುವಕನ ಚಿತ್ರ ನಿಮ್ಮ ಫೋನಿಗೂ ಬಂದಿದ್ದರೆ ದಯವಿಟ್ಟು ಅಳಿಸಿ, ಅವನು ಕಳ್ಳನಲ್ಲವೆಂದು ಅದನ್ನು ಕಳುಹಿಸಿದವರಿಗೂ ತಿಳಿಸಿ.